ಓದುವವಳ ಕುರ್ಚಿ

ಸಂಪಾದಕರಿಗೆ ಒಂದು ಹುಚ್ಚಿತ್ತು. ಹುಚ್ಚು ಎಂದರೆ ಅವರು ಮುಖ ಗಂಟಿಕ್ಕುತ್ತಿದ್ದರು, ಪದ್ಧತಿ ಎನ್ನಬೇಕಿತ್ತು. ಹೊಸ ಪತ್ರಿಕೆ ಶುರುಮಾಡುವಾಗಲೆಲ್ಲ ಅವರು ಸಭೆಯ ಮೇಜಿಗೆ ಒಂದು ಕುರ್ಚಿ ಹೆಚ್ಚಿಗೆ ಹಾಕಿಸುತ್ತಿದ್ದರು. ಅದರಲ್ಲಿ ಯಾರೂ ಕೂರುವಂತಿಲ್ಲ, ಚೀಲ ಇಡುವಂತಿಲ್ಲ, ಒದ್ದೆ ಕೊಡೆ ಒರಗಿಸುವಂತಿಲ್ಲ. ಅದು ಓದುಗರ ಕುರ್ಚಿ. ಪತ್ರಿಕೆ ಯಾರಿಗಾಗಿ ಎಂದು ತೀರ್ಮಾನವಾಗುವವರೆಗೆ ಅದು ಬರೀ ಮರ. ತೀರ್ಮಾನವಾದ ಮೇಲೆ ಅಲ್ಲೊಬ್ಬರು ಕೂತಿದ್ದಾರೆ ಎಂದೇ ಎಲ್ಲರೂ ನಡೆದುಕೊಳ್ಳಬೇಕು. ಯಾವ ಲೇಖನ ಬರಲಿ, ಯಾವ ಚಿತ್ರ ಬರಲಿ, ಆ ಕಡೆ ತಿರುಗಿ ‘ಏನಂತೀರಿ?’ ಎಂದು ಕೇಳಬೇಕು. ಮೇಜಿನ ಸುತ್ತ ಇದ್ದವರಲ್ಲಿ ಯಾರಿಗೆ ತೋಚುತ್ತದೋ ಅವರು ಓದುಗರ ಪರವಾಗಿ ಬಾಯಿ ಬಿಡಬೇಕು. ಹಿಂದೆ ತೋಟಗಾರಿಕೆಯ ಪತ್ರಿಕೆಗೆ ಮೊಣಕಾಲು ನೋವಿನ ಒಬ್ಬ ನಿವೃತ್ತ ಗುಮಾಸ್ತ ಹೀಗೆ ಕೂತಿದ್ದ. ಆ ಪತ್ರಿಕೆ ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಹಾಗಾಗಿ ನಗಬೇಕೆನಿಸಿದವರು ಮೆಟ್ಟಿಲಿಳಿದು ಬೀದಿಗೆ ಹೋಗಿ ನಕ್ಕು ಬರುತ್ತಿದ್ದರು.

ಈ ಪದ್ಧತಿಗೆ ಒಂದೇ ಒಂದು ನಿಯಮವಿತ್ತು. ಕುರ್ಚಿಯಲ್ಲಿ ಕೂರುವವರನ್ನು ಕಲ್ಪಿಸಿಕೊಳ್ಳಬೇಕೇ ಹೊರತು, ಗೊತ್ತಿರುವ ಮನುಷ್ಯರನ್ನು ಕೂರಿಸಕೂಡದು.

“ಒಂದ್ಸಲ ಕ್ರೀಡಾ ಪತ್ರಿಕೆಗೆ ನಮ್ಮ ಮಾವನವರನ್ನ ಕೂರಿಸಿಬಿಟ್ಟಿದ್ದೆ,” ಎಂದು ಸಂಪಾದಕರು ಎಲ್ಲರಿಗೂ ಹೇಳುತ್ತಿದ್ದರು. “ಪತ್ರಿಕೆ ಮುಚ್ಚಿದ್ವಿ. ಮಾವ ಏಳಲಿಲ್ಲ. ಗೊತ್ತಿರೋರು ಕೂತ್ರೆ ಏಳಲ್ಲಪ್ಪ.”

ಎಲ್ಲರೂ ನಗುತ್ತಿದ್ದರು. ಸಂಪಾದಕರು ಮಾತ್ರ ನಗದೆ ಗಂಟಲಿನ ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಈ ಸಲದ್ದು ಸಂಗೀತದ ಪತ್ರಿಕೆ. ಇನ್ನೂ ಹೆಸರಿಟ್ಟಿರಲಿಲ್ಲ. ಇದನ್ನು ಓದುವವರು ಯಾರು ಎಂದು ಪತ್ತೆಹಚ್ಚುವ ಕೆಲಸ ಪಿಸುವಿನ ಪಾಲಿಗೆ ಬಂದಿತ್ತು. ಅವಳ ಮಾತು ಎದುರಿಗಿದ್ದವರಿಗೂ ಸರಿಯಾಗಿ ಕೇಳದಷ್ಟು ಮೆಲ್ಲಗಿರುತ್ತಿದ್ದುದರಿಂದ ಕಚೇರಿಯವರು ಇಟ್ಟ ಹೆಸರು ಅದು. ಮೊದಮೊದಲು ‘ಸ್ವಲ್ಪ ಜೋರಾಗಿ ಹೇಳಮ್ಮ’ ಎಂದವರೆಲ್ಲ ಈಗ ಅವಳು ಮಾತಾಡಿದರೆ ತಾವೇ ಮುಂದಕ್ಕೆ ಬಾಗುತ್ತಿದ್ದರು. ದನಿ ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ಪಿಸು ವಾರಗಟ್ಟಲೆ ಊರು ಸುತ್ತಿದಳು. ವಾದ್ಯ ರಿಪೇರಿ ಅಂಗಡಿ, ರೈಲು ನಿಲ್ದಾಣ, ಕಾಲೇಜಿನ ಗೇಟು, ಕ್ಷೌರದಂಗಡಿ, ಹೊಲಿಗೆಯಂಗಡಿ, ಒಂದೂ ಬಿಡಲಿಲ್ಲ. ನೀವು ಎಂಥ ಸಂಗೀತ ಕೇಳುತ್ತೀರಿ ಎಂದರೆ ಜನ ಸರಕ್ಕನೆ ಬೇರೆಯವರಾಗಿಬಿಡುತ್ತಾರೆ. ಎಲ್ಲರೂ ಎಲ್ಲ ತರದ ಹಾಡನ್ನೂ ಕೇಳುವವರೇ, ಎಲ್ಲರಿಗೂ ಸಂಗೀತವೆಂದರೆ ಪ್ರಾಣವೇ. ನಿನ್ನೆ ಯಾವ ಹಾಡು ಕೇಳಿದಿರಿ ಎಂದರೆ ಮಾತ್ರ ಆಕಾಶ ನೋಡುತ್ತಾರೆ. ಕೊನೆಗೆ ಹೊಲಿಗೆಯಂಗಡಿಯವನೊಬ್ಬ ಅಳತೆಪಟ್ಟಿಯನ್ನು ಕೊರಳಿಂದ ತೆಗೆಯದೆಯೇ ಅವಳನ್ನು ಕೇಳಿದ:

“ಸಂಗೀತನ ಕೇಳೋದು ಬಿಟ್ಟು ಯಾರಾದ್ರೂ ಓದ್ತಾರಾ ಮೇಡಂ?”

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಬಸ್ಸಿನಲ್ಲೂ ಅದೇ, ಮನೆಯಲ್ಲಿ ತಟ್ಟೆಯ ಮುಂದೆ ಕೂತಾಗಲೂ ಅದೇ.

ಮರುದಿನ ಬೆಳಗಿನ ಸಭೆಯಲ್ಲಿ ಸಂಪಾದಕರು ಮೇಜು ಗುದ್ದಿದರು. “ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ! ನನಗೆ ಒಬ್ಬರು ಬೇಕು. ಒಂದು ಮುಖ ಬೇಕು. ಹೇಳು ಪಿಸು, ಓದೋರು ಯಾರು?”

ಪಿಸು ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಿದ್ದಳು. ಅವಳು ಹೇಳಬೇಕೆಂದುಕೊಂಡು ಬಂದದ್ದು ಬೇರೆ, ಬಾಯಿಂದ ಬಂದದ್ದು ಬೇರೆ.

“ಕೇಳಕ್ಕಾಗದವರು ಸರ್.”

“ಅಂದ್ರೆ?”

“ಹಾಡು ಬೇಕು ಅನ್ನೋರು ಫೋನ್ ಒತ್ತಿ ಕೇಳ್ತಾರೆ. ಹಾಡಿನ ಬಗ್ಗೆ ಓದ್ಲೇಬೇಕಾಗಿರೋದು ಕಿವಿ ಹೋದವರಿಗೆ.”

ಜಾಹೀರಾತು ನೋಡಿಕೊಳ್ಳುವ ಮೇಡಂ, ಯಾವತ್ತೂ ಬಾಯಿಗೆ ಬಿಡುವು ಕೊಡದವರು, ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಹಾಕಿದರು. ಪುಟಗಳ ವಿನ್ಯಾಸ ಮಾಡುವಾತ ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದು ಕೆಳಗಿಟ್ಟ. ಅಕ್ಷರದ ಗಾತ್ರಕ್ಕೂ ಅಂಚಿನ ಜಾಗಕ್ಕೂ ಕೂದಲೆಳೆಯ ಜಗಳ ತೆಗೆಯುತ್ತಿದ್ದ ಅವನಿಗೆ ಮಿಲಿಮೀಟರ್ ಎಂದೇ ಅಡ್ಡಹೆಸರು.

“ಹೇಳು,” ಎಂದರು ಸಂಪಾದಕರು ಮೆಲ್ಲಗೆ.

ಪಿಸು ಹೇಳಿದಳು. “ಒಬ್ಬಳಿದ್ದಾಳೆ. ಇನ್ನೂ ಮೂವತ್ತಾಗಿಲ್ಲ. ಮೊದಲು ಚೆನ್ನಾಗೇ ಕೇಳ್ತಿತ್ತು, ಆಮೇಲೆ ಸ್ವಲ್ಪ ಸ್ವಲ್ಪನೇ ಹೋಯ್ತು. ಸ್ಪೀಕರ್ ಮೇಲೆ ಅಂಗೈ ಇಟ್ಕೊಂಡು ಕೂರ್ತಾಳೆ. ಯಾರಾದ್ರೂ ಹಾಡ್ತಿದ್ರೆ ಅವರ ಗಂಟಲು ನೋಡ್ತಾಳೆ. ಪಕ್ಕದಲ್ಲಿರೋರನ್ನ, ಹೆಂಗಿದೆ ಹಾಡು, ಹೇಳು ಅಂತಾಳೆ. ಚೆನ್ನಾಗಿದೆ ಅಂತ ಅಷ್ಟೇ ಅಂದ್ರೆ ಸಿಟ್ಟು ಬರುತ್ತೆ. ದನಿ ದಪ್ಪನಾ, ತೆಳ್ಳಗಾ, ಒದ್ದೆಯಾಗಿದೆಯಾ, ಒಣಗಿದೆಯಾ, ಎಲ್ಲಿ ಎಳೀತು, ಎಲ್ಲಿ ಬಿಟ್ಟುಬಿಡ್ತು, ಎಲ್ಲಾ ಹೇಳ್ಬೇಕು.”

ಸಂಪಾದಕರು ಎದ್ದು ಬಂದು ಆ ಕುರ್ಚಿಯನ್ನು ಎರಡೂ ಕೈಯಿಂದ ಮೇಜಿಗೆ ಸರಿಸಿದರು. ಅವರ ಕಣ್ಣು ತುಂಬಿತ್ತು. “ಭೇಷ್. ಎಂಥಾ ಕಲ್ಪನೆ! ಇವಳಿಗೆ ಬರೆಯೋಣ.”

ಅದು ಕಲ್ಪನೆಯಲ್ಲ. ಅದು ಪಿಸುವಿನ ಅಕ್ಕ. ಸತ್ತು ಎಂಟು ವರ್ಷವಾಗಿತ್ತು.

ಪಿಸುವಿನ ದನಿ ಹಾಗಾದದ್ದೂ ಅಕ್ಕನಿಂದಲೇ. ಅಕ್ಕನ ಕಿವಿ ಪೂರ್ತಿ ಹೋದ ಮೇಲೆ ಮನೆಯಲ್ಲಿ ದನಿಯ ಕೆಲಸವೇ ಮುಗಿದಿತ್ತು. ಅಮ್ಮ, ಪಿಸು ಇಬ್ಬರೂ ಅಕ್ಕನ ಎದುರು ನಿಂತು ದನಿ ಹೊರಡಿಸದೆ ಬರೀ ತುಟಿ ಆಡಿಸುತ್ತಿದ್ದರು, ಅಕ್ಕ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಪಕ್ಕದ ಮನೆಯವರಿಗೆ ಈ ಮನೆಯಲ್ಲಿ ಯಾರೋ ಮುನಿಸಿಕೊಂಡಿದ್ದಾರೆ ಅನಿಸುತ್ತಿತ್ತಂತೆ. ಸಂಜೆಯಾದರೆ ಅಕ್ಕ ಪಿಸುವಿನ ಎಡಗಡೆ ಬಂದು ಕೂತು, ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಲ್ಲಿ ಟಕ್ ಟಕ್ ಎಂದು ತಟ್ಟುತ್ತಿದ್ದಳು. ಹೇಳು ಎಂದು ಅರ್ಥ. ಪಿಸು ರೇಡಿಯೋದಲ್ಲಿ ಬರುತ್ತಿದ್ದ ಹಾಡನ್ನು ತುಟಿಯಲ್ಲೇ ಹೇಳುತ್ತ ಹೋಗುತ್ತಿದ್ದಳು. ಬೇಜಾರಾಗಿ ಎದ್ದರೆ ಮತ್ತೆ ಟಕ್ ಟಕ್.

ಒಂದು ಸಲ ಪಿಸುವಿಗೆ ಬೇರೆ ಊರಿನಲ್ಲಿ ತರಬೇತಿ ಬಂತು. ಅಕ್ಕ ತಾನೇ ಚೀಲ ತುಂಬಿಕೊಟ್ಟು, ಹೋಗು ಹೋಗು ಎಂದು ಬಾಗಿಲವರೆಗೆ ಬಂದಳು. ಪಿಸು ಹೋದ ಮೇಲೆ ಅಕ್ಕನಿಗೆ ಜ್ವರ ಹಿಡಿದು, ಇವಳು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಅಂದಿನಿಂದ ಅಮ್ಮ ಅಕ್ಕನ ಹೆಸರೆತ್ತಿಲ್ಲ. ಪಿಸು ಊರು ಬಿಟ್ಟು ಎಲ್ಲೂ ಹೋಗಿಲ್ಲ.

ಗೊತ್ತಿರುವವರನ್ನು ಕೂರಿಸಬಾರದೆಂಬ ನಿಯಮ ಅವಳಿಗೆ ನೆನಪಿರಲಿಲ್ಲವೆಂದಲ್ಲ. ಸಂಪಾದಕರು ಕುರ್ಚಿ ಸರಿಸಿದಾಗ ಬಾಯಿ ಬಿಟ್ಟು ಹೇಳಬಹುದಿತ್ತು. ಆದರೆ ಎಂಟು ವರ್ಷದಲ್ಲಿ ಮೊದಲ ಸಲ ನಾಲ್ಕು ಜನ ಕೂತು ಅಕ್ಕನ ವಿಷಯ ಮಾತಾಡುತ್ತಿದ್ದರು. ಅದು ಎಷ್ಟು ಹಿತವಾಗಿತ್ತೆಂದರೆ, ಪಿಸು ಬಾಯಿಗೆ ಬೀಗ ಹಾಕಿಕೊಂಡಳು.

ಪತ್ರಿಕೆಗೆ ಜೀವ ಬಂದದ್ದು ಅಲ್ಲಿಂದ. ಮೊದಲು ‘ಮಧುರ’, ‘ಸುಮಧುರ’ ಎಂದು ಸಕ್ಕರೆ ಸುರಿಯುತ್ತಿದ್ದ ಲೇಖಕರಿಗೆಲ್ಲ ಬರಹ ವಾಪಸು ಹೋಯಿತು. ‘ಇದನ್ನ ಕೇಳದವಳಿಗೆ ಕೇಳೋ ಹಂಗೆ ಬರೀರಿ’ ಎಂದು ಸಂಪಾದಕರು ಫೋನಿನಲ್ಲಿ ಕೂಗಾಡಿದರು. ಬೈಸಿಕೊಂಡ ಮೇಲೆ ಅವರು ನಿಜವಾಗಿ ಬರೆದರು. ಒಬ್ಬಾತ ಒಂದು ತಂತಿ ಮಿಡಿದದ್ದನ್ನು ಅರ್ಧ ಪುಟ ಬರೆದಿದ್ದ. ಓದಿದರೆ ಹಲ್ಲಿನ ಬುಡದಲ್ಲಿ ಅದುರುತ್ತಿತ್ತು. ಮಿಲಿಮೀಟರ್ ಪುಟ ಸಿದ್ಧವಾದಾಗಲೆಲ್ಲ ಅದನ್ನು ಖಾಲಿ ಕುರ್ಚಿಯ ಕಡೆಗೆ ತಿರುಗಿಸಿ ಇಟ್ಟು, ಓದಲು ಬೇಕಾಗುವಷ್ಟು ಹೊತ್ತು ಕಾಯುತ್ತಿದ್ದ. ಆಮೇಲೆ ತಾನೇ ತಲೆಯಾಡಿಸಿ ಪುಟ ಮಗುಚುತ್ತಿದ್ದ. ನೋಡಿದವರಿಗೆ ನಗು ಬರಬೇಕಿತ್ತು, ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಜಾಹೀರಾತಿನ ಮೇಡಂ ಒಳಗೆ ಬಂದವರೇ ಕುರ್ಚಿಯನ್ನೆತ್ತಿ ಪಿಸುವಿನ ಬಲಗಡೆಯಿಂದ ಎಡಗಡೆಗೆ ಇಟ್ಟರು.

“ಅವಳಿಗೆ ನಿನ್ನ ಎಡಗಡೆನೇ ಇಷ್ಟ ಕಣೇ. ಬಲಕ್ಕೆ ಕೂರಿಸಿ ಯಾಕೆ ಗೋಳು ಹುಯ್ಕೋತೀಯ?”

ಪಿಸು ಕುರ್ಚಿಯ ಕಡೆ ತಿರುಗಿದಳು. “ನಿಮಗೆ ಯಾರು ಹೇಳಿದ್ರು ಮೇಡಂ?”

“ನೀನೇ ಹೇಳಿದ್ದಲ್ವಾ? ಬಲಗಿವಿಲಿ ಚೂರು ಕೇಳ್ತಿತ್ತು, ಅದಕ್ಕೇ ಎಡಗಡೆ ಬಂದು ಕೂರ್ತಾಳೆ ಅಂತ.”

ಪಿಸು ಹೇಳಿರಲಿಲ್ಲ. ಹೌದು, ಅಕ್ಕನಿಗೆ ಬಲಗಿವಿಯಲ್ಲಿ ಬಹಳ ದಿನ ಒಂದಿಷ್ಟು ಉಳಿದಿತ್ತು. ಅದು ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೇಡಂ ಆಗಲೇ ಫೋನಿನಲ್ಲಿ ಯಾರನ್ನೋ ಹೊಗಳತೊಡಗಿದ್ದರು. ಬಾಯಿ ಜಾರಿ ಯಾವಾಗಲೋ ಹೇಳಿರಬೇಕು ಎಂದು ಪಿಸು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಮಧ್ಯಾಹ್ನ ಪತ್ರಿಕೆಯ ಹೆಸರಿನ ಚರ್ಚೆ. ನಾದ, ಸ್ವರ, ಶ್ರುತಿ, ಎಲ್ಲರೂ ತಮ್ಮ ತಮ್ಮ ಜೇಬಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದರು. ಸಂಪಾದಕರು ಒಂದೊಂದಕ್ಕೂ ಕುರ್ಚಿಯ ಕಡೆ ತಿರುಗಿ “ಏನಂತೀಯಮ್ಮ?” ಎಂದು ಕೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಸುಮ್ಮನಾದಾಗ ಮಿಲಿಮೀಟರ್ ಕಿಟಕಿಯಾಚೆ ನೋಡುತ್ತಲೇ ಮೇಜಿನ ಮೇಲೆ ಎರಡು ಬೆರಳಲ್ಲಿ ತಟ್ಟಿದ. ಟಕ್ ಟಕ್.

“ಹೇಳು,” ಎಂದ.

“ಏನು ಹೇಳೋದು?” ಎಂದರು ಸಂಪಾದಕರು.

“ಹೆಸರು ಸರ್. ‘ಹೇಳು’ ಅಂತ ಇಡಿ. ಅವಳಿಗೆ ಅದೇ ಬೇಕಂತೆ.”

ಸಂಪಾದಕರು ಕುಣಿದಾಡಿದರು, ಮೇಡಂ ಚಪ್ಪಾಳೆ ತಟ್ಟಿದರು. ಪಿಸು ಮಾತ್ರ ತನ್ನ ಎಡಗೈಯನ್ನು ಮೇಜಿನಡಿಗೆ ಎಳೆದುಕೊಂಡು, ಮಣಿಕಟ್ಟನ್ನು ಬಲಗೈಯಲ್ಲಿ ಮುಚ್ಚಿ ಹಿಡಿದು ಕೂತಳು. ಹೆದರಿಕೆಯಷ್ಟೇ ಆಗಿದ್ದರೆ ಎದ್ದು ಓಡಿಹೋಗುತ್ತಿದ್ದಳು. ಅದರ ಜೊತೆಗೆ, ಬಿಸಿಲಿನಿಂದ ಮನೆಯೊಳಗೆ ಬಂದಾಗ ಆಗುವಂಥ ಒಂದು ನೆಮ್ಮದಿಯೂ ಇತ್ತು. ಅಕ್ಕ ಬಂದಿದ್ದಾಳೆ. ಯಾರ ಬಾಯಲ್ಲಾದರೂ ಆಗಲಿ, ಬಂದಿದ್ದಾಳೆ.

ಆಮೇಲೆ ಅವಳು ಕಾಯತೊಡಗಿದಳು. ಸಭೆಯೆಂದರೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳು. ಓದುವವಳಿಗೆ ದಪ್ಪ ಕಾಗದ ಆಗುವುದಿಲ್ಲ, ಮಗುಚುವಾಗ ಉಗುರಿಗೆ ತಾಗುತ್ತದೆ ಎಂದು ಮೇಡಂ ಹೇಳಿದಾಗ ಪಿಸುವಿಗೆ ಅಕ್ಕನ ಮೊಟಕು ಉಗುರುಗಳು ಕಣ್ಣಮುಂದೆ ಬಂದವು. ಅವಳು ಹಳದಿ ಬಣ್ಣ ಕಂಡರೆ ಮೂಗು ಮುರಿಯುತ್ತಾಳೆ ಎಂದು ಮಿಲಿಮೀಟರ್ ಮುಖಪುಟ ಬದಲಾಯಿಸಿದಾಗ ನಗು ತಡೆದುಕೊಳ್ಳಲು ಕಷ್ಟವಾಯಿತು. ಇವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳುವುದನ್ನೇ ಬಿಟ್ಟಳು. ಕೇಳಿದರೆ ನಿಂತುಹೋದೀತು ಎಂಬ ಭಯ.

ಹೀಗಿರುವಾಗ ಒಂದು ದಿನ ಮಿಲಿಮೀಟರ್ ಹೊಸದಾಗಿ ಬಂದ ಲೇಖನವೊಂದನ್ನು ಕುರ್ಚಿಯ ಮುಂದೆ ಇಟ್ಟ. ಎಂದಿನಂತೆ ಕಾದ. ಆದರೆ ಈ ಸಲ ಪುಟ ಮಗುಚದೆ ಲೇಖನವನ್ನು ವಾಪಸು ತೆಗೆದುಕೊಂಡ.

“ಇವೆಲ್ಲ ಅವಳಿಗೆ ಬೇಡ ಸರ್,” ಎಂದ ಬೇಸರದಿಂದ. “ಅವಳಿಗೆ ಸಂಗೀತ ಅಂದ್ರೆ ಅಷ್ಟಕ್ಕಷ್ಟೇ.”

“ಏನ್ರೀ ಹೇಳ್ತಿದ್ದೀರಿ? ಸಂಗೀತದ ಪತ್ರಿಕೆ ಓದೋಳಿಗೆ ಸಂಗೀತ ಬೇಡ್ವಾ?”

“ಯಾವತ್ತೂ ಬೇಕಿರಲಿಲ್ಲ. ಕಿವಿ ಇದ್ದಾಗ್ಲೂ ಇರಲಿಲ್ಲ. ಹೇಳೋರು ಪಕ್ಕದಲ್ಲಿ ಕೂತಿರ್ಬೇಕು, ಅಷ್ಟೇ. ಹಾಡು ಒಂದು ನೆಪ.” ಅವನು ಪೆನ್ಸಿಲಿನ ಮೊನೆ ನೋಡಿಕೊಂಡ. “ಬಾಯಲ್ಲಿ ಹೋಗು ಹೋಗು ಅಂತಾಳೆ. ಕೈ ಬಿಡಲ್ಲ.”

ಪಿಸು ತನ್ನ ಎಡಗೈ ನೋಡಿಕೊಂಡಳು. ತರಬೇತಿಗೆ ಹೊರಟ ದಿನ ಬಾಗಿಲಲ್ಲಿ ನಿಂತು ಹೋಗು ಹೋಗು ಎನ್ನುತ್ತಿದ್ದ ಅಕ್ಕ, ಅಷ್ಟೂ ಹೊತ್ತು ಇವಳ ಎಡ ಮಣಿಕಟ್ಟನ್ನು ಹಿಡಿದೇ ಇದ್ದಳು. ಬಸ್ಸು ತಪ್ಪುತ್ತದೆಂದು ಪಿಸು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋಗಿದ್ದಳು. ಅದು ಅಮ್ಮನಿಗೂ ಗೊತ್ತಿರಲಿಲ್ಲ, ಅಮ್ಮ ಆಗ ಒಳಗಿದ್ದಳು.

ತಲೆನೋವೆಂದು ಹೇಳಿ ಪಿಸು ಬೇಗ ಮನೆಗೆ ಬಂದಳು. ಬಾಗಿಲು ಎಂದಿನಂತೆ ಸುಮ್ಮನೆ ಮುಂದೆಳೆದಿತ್ತು. ಮಲಗುವ ಹೊತ್ತಿಗಲ್ಲದೆ ಚಿಲಕ ಹಾಕುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ. ಅಮ್ಮ ಮಂಚದ ತುಂಬ ಒಣಗಿದ ಬಟ್ಟೆ ಹರಡಿಕೊಂಡು ಮಡಚುತ್ತಿದ್ದಳು. ಪಿಸು ಎದುರಿಗೆ ಕೂತು ಒಂದು ಟವೆಲ್ ಎತ್ತಿಕೊಂಡಳು.

“ಅಮ್ಮಾ, ಅಕ್ಕಂಗೆ ಹಾಡು ಅಂದ್ರೆ ಇಷ್ಟ ಇತ್ತಾ?”

ಅಮ್ಮನ ಕೈ ನಿಂತಿತು. ಬಯ್ಯುತ್ತಾಳೆ ಅಥವಾ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದಳು ಪಿಸು. ಅಮ್ಮ ಎರಡೂ ಮಾಡಲಿಲ್ಲ.

“ಎಲ್ಲಿ ಇಷ್ಟ? ಕಿವಿ ಚೆನ್ನಾಗಿದ್ದಾಗ್ಲೂ ರೇಡಿಯೋ ಹಾಕಿದ್ರೆ ಆರ್ಸು ಅಂತಿದ್ಲು. ನೀನು ಹತ್ರ ಕೂತ್ಕೊಳ್ಳಲಿ ಅಂತ ಹಾಡು ಹೇಳು ಅಂತಿದ್ಲು, ಅಷ್ಟೇ.”

“ನನಗ್ಯಾಕೆ ಹೇಳ್ಲಿಲ್ಲ ನೀನು?”

“ಹೇಳ್ಬೇಡ ಅಂದಿದ್ಲು. ಗೊತ್ತಾದ್ರೆ ಎದ್ದುಹೋಗ್ತಾಳೆ ಅಂತ ಭಯ ಅವಳಿಗೆ.” ಅಮ್ಮ ಮಗಳ ಮುಖವನ್ನೇ ನೋಡಿದಳು. “ಇದು ನನಗೂ ಅವಳಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿನಗೆ ಯಾರು ಹೇಳಿದ್ರು?”

“ಆಫೀಸಲ್ಲಿ ಒಬ್ಬರು.”

ಅಮ್ಮನಿಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಅವಳು ಮಡಚಿದ ಬಟ್ಟೆಯ ಮೇಲೆ ಅಂಗೈ ಇಟ್ಟು, ತೀರ ಮೆಲ್ಲಗೆ, ಪಕ್ಕದ ಬೀದಿಯ ನೆಂಟರ ವಿಷಯ ಕೇಳುವಂತೆ ಕೇಳಿದಳು.

“ಅಲ್ಲಿಗೆ ಬರ್ತಾಳಾ ಅವಳು?”

ಪಿಸು ಕೈಯಲ್ಲಿದ್ದ ಟವೆಲನ್ನು ಇನ್ನೊಂದು ಸಲ ಮಡಚಿದಳು.

“ಮತ್ತೆ ಇಲ್ಲಿಗ್ಯಾಕೆ ಬರಲ್ಲ?” ಎಂದಳು ಅಮ್ಮ. ಕಣ್ಣಲ್ಲಿ ನೀರು ತುಂಬಿಕೊಂಡಿತು, ಒರೆಸಿಕೊಳ್ಳಲಿಲ್ಲ. “ನಾನೇನು ಮಾಡಿದ್ದೆ? ಎಂಟು ವರ್ಷದಿಂದ ಬಾಗಿಲು ನೋಡ್ತಾನೇ ಇದ್ದೀನಿ.”

ಚಿಲಕ ಹಾಕದ ಬಾಗಿಲಿನ ಅರ್ಥ ಪಿಸುವಿಗೆ ಹೊಳೆದದ್ದು ಆಗ.

ಮುಂದಿನ ವಾರ ಜಾಹೀರಾತಿನ ಮೇಡಂ ಕುಣಿಯುತ್ತ ಬಂದರು. ಇಯರ್‌ಫೋನ್ ತಯಾರಿಸುವ ದೊಡ್ಡ ಕಂಪನಿಯೊಂದು ವರ್ಷವಿಡೀ ಹಿಂಬದಿಯ ಪುಟ ತೆಗೆದುಕೊಳ್ಳಲು ಒಪ್ಪಿತ್ತು. ಒಂದೇ ತಕರಾರು.

“ನಿಮ್ಮ ಓದುಗರು ಯಾರು ಅಂದ್ರು. ಕಿವಿ ಕೇಳದವಳು ಅಂದೆ. ನಮ್ಮ ಮಾಲು ಅವಳು ಎಲ್ಲಿಗೆ ಹಾಕ್ಕೋತಾಳೆ, ಮೂಗಿಗಾ ಅಂತ ಬಿದ್ದು ಬಿದ್ದು ನಕ್ರು ಸರ್. ಓದುಗರನ್ನ ಬದಲಾಯಿಸಿ ಅಂತಿದ್ದಾರೆ. ಕಾಲೇಜು ಹುಡುಗ, ಸದಾ ಕಿವಿಗೆ ಸಿಗಿಸ್ಕೊಂಡಿರೋನು.”

ಸಂಪಾದಕರು ಗಂಟಲಿನ ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಂಡರು. ಪತ್ರಿಕೆ ಹೊರಬರಬೇಕಾದರೆ ಬೇರೆ ದಾರಿ ಇಲ್ಲವೆಂದು ಅವರಿಗೂ ಗೊತ್ತಿತ್ತು. ಕೊನೆಗೆ ಪಿಸುವಿನ ಕಡೆ ತಿರುಗಿದರು.

“ಬೇಜಾರು ಮಾಡ್ಕೋಬೇಡಮ್ಮ. ಇಂಥ ಓದೋಳು ನನಗೆ ಇನ್ನು ಸಿಗಲ್ಲ. ಆದ್ರೆ ಏನು ಮಾಡೋದು. ನೋಡು, ಈ ಹುಡುಗರು ನಮ್ಮೂರಿಗಿಂತ ಬೇರೆ ದೊಡ್ಡ ಊರುಗಳಲ್ಲೇ ಜಾಸ್ತಿ. ನೀನೇ ಹೋಗಿ ಹುಡುಕ್ಕೊಂಡು ಬಾ. ಆರು ತಿಂಗಳು ಸುತ್ತು, ನಾಲ್ಕು ಊರು ನೋಡು. ಹೋಗ್ತೀಯಾ?”

ಹೋಗುತ್ತೇನೆ ಎಂದಳು ಪಿಸು. ಅಷ್ಟು ಜೋರಾಗಿ ಹೇಳಿದಳೆಂದರೆ ಮೇಡಂ ಬೆಚ್ಚಿಬಿದ್ದರು. ಎಂಟು ವರ್ಷದಿಂದ ಒಳಗೆಲ್ಲೋ ಗಂಟುಕಟ್ಟಿ ಇಟ್ಟಿದ್ದ ಆಸೆ ಅದು. ಅಕ್ಕ ಹೋಗಿಬಿಡುತ್ತಾಳೆ ಎಂಬ ಸಂಕಟ ಒಂದು ಕಡೆ, ತಾನೂ ಹೋಗಬಹುದು ಎಂಬ ಸಂತೋಷ ಇನ್ನೊಂದು ಕಡೆ. ಊಟದ ಬಿಡುವಿನಲ್ಲಿ ಹೋಗಿ ಗಾಲಿಯಿರುವ ಹೊಸ ಸೂಟ್‌ಕೇಸೊಂದನ್ನು ಕೊಂಡು ತಂದು ಮೇಜಿನಡಿ ಇಟ್ಟುಕೊಂಡಳು. ಕೆಲಸದ ನಡುವೆ ಆಗಾಗ ಕಾಲಿನಿಂದ ಅದನ್ನು ಒಂದಿಷ್ಟು ಮುಂದೆ ತಳ್ಳಿ, ಮತ್ತೆ ಎಳೆದುಕೊಳ್ಳುತ್ತಿದ್ದಳು.

ಓದುಗರನ್ನು ಕಳಿಸಿಕೊಡುವುದಕ್ಕೂ ಸಂಪಾದಕರದು ಒಂದು ಪದ್ಧತಿ. ಎಲ್ಲರೂ ಕುರ್ಚಿಯ ಮುಂದೆ ಬಂದು ಒಂದು ಮಾತು ಹೇಳಬೇಕು, ಆಮೇಲೆ ಅದನ್ನು ಉಳಿದ ಕುರ್ಚಿಗಳ ಸಾಲಿಗೆ ಸೇರಿಸಬೇಕು. ಅವತ್ತು ಮಧ್ಯಾಹ್ನವೇ ಅದಾಯಿತು. “ನಿನ್ನಿಂದ ಬರೆಯೋದು ಕಲಿತೆ ತಾಯಿ,” ಎಂದರು ಸಂಪಾದಕರು. ಮೇಡಂ “ಹೋಗ್ಬಾ” ಎಂದು ಮೂಗೊರೆಸಿಕೊಂಡರು. ಮಿಲಿಮೀಟರ್ ಬಾಗಿಲ ಬಳಿ ನಿಂತವನು ಹತ್ತಿರ ಬರಲೇ ಇಲ್ಲ.

“ಅವಳು ಏಳ್ತಿಲ್ಲ ಸರ್,” ಎಂದ ಅವನು. “ಎಲ್ಲಿಗೆ ಹೋಗ್ಲಿ ಅಂತ ಕೇಳ್ತಿದ್ದಾಳೆ.”

ಸಂಪಾದಕರ ಮುಖ ಬಿಳಿಚಿಕೊಂಡಿತು. ಅವರು ಪಿಸುವನ್ನು ನೋಡಿದರು. ಈ ಕುರ್ಚಿಯಲ್ಲಿ ಇಷ್ಟು ದಿನ ಕೂತಿದ್ದದ್ದು ಕಲ್ಪನೆಯಲ್ಲವೆಂದು ಅವರಿಗೆ ಅರ್ಥವಾಯಿತು.

“ಗೊತ್ತಿರೋರಾ?” ಎಂದರು.

ಪಿಸು ತಲೆಯಾಡಿಸಿದಳು.

“ಹಂಗಾದ್ರೆ ನಮ್ಮ ಕೈಲಾಗಲ್ಲಮ್ಮ. ಕರ್ಕೊಂಡು ಬಂದೋಳು ನೀನು.” ಅವರು ಉಳಿದಿಬ್ಬರನ್ನೂ ಕರೆದುಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಕೋಣೆಯಲ್ಲಿ ಮಧ್ಯಾಹ್ನದ ಬೆಳಕು ಹರಡಿತ್ತು. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಿಮ್ಮುಖವಾಗಿ ಬರುತ್ತ ಕೀಂಗುಡುತ್ತಿತ್ತು. ಕುರ್ಚಿ ಖಾಲಿಯಾಗಿಯೇ ಇತ್ತು, ಪಿಸುವಿಗೆ ಏನೂ ಕಾಣಿಸಲಿಲ್ಲ. ಅವಳೊಬ್ಬಳಿಗೆ ಮಾತ್ರ ಯಾವತ್ತೂ ಏನೂ ತೋಚಿರಲಿಲ್ಲ. ಅಕ್ಕ ಎಲ್ಲರ ಬಾಯಲ್ಲೂ ಮಾತಾಡಿದ್ದಳು, ತಂಗಿಯ ಬಾಯಲ್ಲಿ ಮಾತ್ರ ಇಲ್ಲ. ಅದಕ್ಕೆ ಅವಳಿಗೆ ಹೊಟ್ಟೆಕಿಚ್ಚೂ ಆಯಿತು, ದುಃಖವೂ ಆಯಿತು.

ಸುಮ್ಮನೆ ಹೊರಟುಬಿಡಬಹುದಿತ್ತು. ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲಿಳಿದರೆ ಮುಗಿಯುತ್ತಿತ್ತು. ಆದರೆ ಬಾಗಿಲನ್ನೇ ನೋಡುತ್ತ ಕೂತಿರುವ ಅಮ್ಮನ ಮುಖ ಕಣ್ಣೆದುರು ಬಂತು. ತಾನು ಆರು ತಿಂಗಳು ಊರು ಸುತ್ತುವಾಗ ಅಮ್ಮನ ಜೊತೆಗೆ ಒಬ್ಬರು ಬೇಡವೇ? ಅಕ್ಕನೂ ಒಂಟಿ, ಅಮ್ಮನೂ ಒಂಟಿ. ಇಬ್ಬರನ್ನೂ ಸೇರಿಸಿ ತಾನು ನಿಶ್ಚಿಂತೆಯಾಗಿ ಹೋಗಬಹುದು. ಲೆಕ್ಕ ಎಷ್ಟು ಸರಿಯಾಗಿದೆ ಅನಿಸಿತು ಅವಳಿಗೆ. ಅವಳು ಕುರ್ಚಿಯ ಎದುರು ಬಗ್ಗಿ, ಎಂಟು ವರ್ಷದ ನಂತರ ಮೊದಲ ಸಲ, ದನಿಯಿಲ್ಲದೆ ಬರೀ ತುಟಿ ಆಡಿಸಿದಳು.

‘ಬಾ ಅಕ್ಕಾ, ಮನೆಗೆ ಹೋಗೋಣ.’

ಏನೂ ಆಗಲಿಲ್ಲ. ಪಿಸು ಕುರ್ಚಿಯನ್ನೆತ್ತಿ ಗೋಡೆಯ ಬಳಿಯ ಸಾಲಿಗೆ ಸೇರಿಸಿದಳು. ಅದು ಉಳಿದ ಕುರ್ಚಿಗಳಷ್ಟೇ ಹಗುರವಾಗಿತ್ತು. ಬಾಗಿಲು ತೆರೆದಾಗ ಹೊರಗೆ ನಿಂತಿದ್ದ ಮಿಲಿಮೀಟರ್ ಅವಳಿಗೆ ದಾರಿ ಬಿಟ್ಟ. ಆಮೇಲೆ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು, ಇನ್ನೊಬ್ಬರಿಗೂ ದಾರಿ ಬಿಟ್ಟ.

ಮನೆಯ ಬೀದಿಗೆ ಬರುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಸೂಟ್‌ಕೇಸಿನ ಗಾಲಿಗಳು ಕಲ್ಲಿನ ಮೇಲೆ ಗಡಗಡ ಎನ್ನುತ್ತಿದ್ದವು, ಪಕ್ಕದ ಮನೆಯವರು ತಲೆ ಹಾಕಿ “ಎಲ್ಲಿಗೋ ಪ್ರಯಾಣ?” ಎಂದರು. “ಕೆಲಸದ ಮೇಲೆ, ಆರು ತಿಂಗಳು,” ಎಂದಳು ಪಿಸು. ಹೇಳುವಾಗ ಹೆಮ್ಮೆಯೆನಿಸಿತು. ಬಾಗಿಲು ಮುಂದೆಳೆದಿತ್ತು. ಅವಳು ತಳ್ಳುವ ಮೊದಲೇ ಅದು ಒಳಗಿನಿಂದ ತೆರೆದುಕೊಂಡಿತು.

ಅಮ್ಮ ನಿಂತಿದ್ದಳು. ತಲೆ ಬಾಚಿ, ಮುಖ ತೊಳೆದು, ಬೀರುವಿನಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಅವಳು ಪಿಸುವನ್ನು ನೋಡಲಿಲ್ಲ. ಪಿಸುವಿನ ಎಡ ಭುಜದಾಚೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಎಂಟು ವರ್ಷ ಚಿಕ್ಕದಾಯಿತು. ಆಮೇಲೆ ಅವಳ ತುಟಿಗಳು ಆಡಿದವು. ದನಿ ಇರಲಿಲ್ಲ.

ಆ ತುಟಿಗಳನ್ನು ಓದಲು ಪಿಸುವಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

‘ಬಂದ್ಯಾ ಮಗಳೇ? ಬಾ. ಹೆದರ್ಬೇಡ, ಇನ್ನು ಇವಳನ್ನ ಎಲ್ಲಿಗೂ ಕಳಿಸಲ್ಲ.’

“ಅಮ್ಮಾ,” ಎಂದಳು ಪಿಸು. “ಅಮ್ಮಾ, ನಾನು ಹೋಗ್ಬೇಕು.” ತುಟಿಯೇನೋ ಆಡಿತು. ಅವಳ ಸಣ್ಣ ದನಿ, ಜನರು ಬಾಗಿ ಕೇಳುತ್ತಿದ್ದ ಆ ಇಷ್ಟೇ ಇಷ್ಟು ದನಿ, ಹೊರಗೆ ಬರಲಿಲ್ಲ.

ಅಮ್ಮ ಅವಳ ಕೈಯಿಂದ ಸೂಟ್‌ಕೇಸ್ ತೆಗೆದುಕೊಂಡು ಮಂಚದಡಿಗೆ ತಳ್ಳಿದಳು. ವಾಪಸು ಬಂದು ಬಾಗಿಲು ಮುಚ್ಚಿ, ಇನ್ನೂ ಬೆಳಕಿರುವಾಗಲೇ, ಚಿಲಕ ಹಾಕಿದಳು. ರೇಡಿಯೋದ ಕಿವಿ ತಿರುಗಿಸಿದಳು. ಯಾವುದೋ ಹಾಡು ಶುರುವಾಯಿತು. ಪಿಸುವಿನ ಎಡ ಮಣಿಕಟ್ಟಿನ ಮೇಲೆ, ತಣ್ಣಗಿನ ಎರಡು ಬೆರಳು, ಬಹಳ ಪ್ರೀತಿಯಿಂದ ತಟ್ಟಿದವು. ಅವಳು ನೆಲದ ಮೇಲೆ ಕೂತು, ಎಡಗಡೆ ಜಾಗ ಬಿಟ್ಟುಕೊಂಡು, ಹೇಳತೊಡಗಿದಳು.